ಹುಳದ ಮನೆಗೆ ಬಂದ ನೀಲಿಗಣ್ಣು

೨೦೨೪ರ ಏಪ್ರಿಲ್ ಏಳನೇ ತಾರೀಖು, ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಆಫ್ತಾಬನ ವ್ಯಾನು ಅಂಗಳಕ್ಕೆ ಬಂದು ನಿಂತಿತು. ಜಗಲಿಯ ಮೇಲೆ ಹಲ್ಲುಜ್ಜುತ್ತಿದ್ದ ಅನಂತರಾಜು ಕೆಳಗಿಳಿಸಿದ ಪಂಜರದೊಳಕ್ಕೆ ಒಮ್ಮೆ ಇಣುಕಿ ನೋಡಿ, ಬಾಯಲ್ಲಿದ್ದ ನೊರೆಯನ್ನು ಅದರ ಪಕ್ಕಕ್ಕೇ ಉಗಿದ.

"ನಾಯಿ ತತ್ತೀನಿ ಅಂದ್ಬುಟ್ಟು ತೋಳ ತಂದಿದ್ದೀಯಲ್ಲಪ್ಪ," ಎಂದ.

"ನಾಯೇ ಅಣ್ಣ. ಹಸ್ಕಿ ಅಂತ ಜಾತಿ. ಆರು ವರ್ಷ ಆಗೈತೆ, ಮಗು ಇದ್ದಂಗೆ."

"ಯಾರ ಮಗು?" ಎಂದು ಅನಂತರಾಜು ತಂಗಿಯ ಮುಖ ನೋಡಿದ.

ಸೌಮ್ಯ ಪಂಜರದ ಚಿಲಕ ತೆಗೆದಳು. ಗಂಡನ ಮನೆ ಬಿಟ್ಟು ಅಣ್ಣನ ಮನೆಗೆ ಬಂದು ಹದಿಮೂರು ವರ್ಷವಾಗಿತ್ತು. ಇಂಥ ಮಾತು ಎಲ್ಲಿಂದ ಬಂದು ಎಲ್ಲಿ ತಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆಫ್ತಾಬ್ ಶಾರ್ಜಾದಲ್ಲಿ ಒಂಬತ್ತು ವರ್ಷ ಎ.ಸಿ. ರಿಪೇರಿ ಮಾಡಿಕೊಂಡಿದ್ದವನು. ಅವನ ಹೆಂಡತಿ ಕೆಹಕಶಾನ್ ರಾಮನಗರದ ಕಾಲೇಜಿನಲ್ಲಿ ಸೌಮ್ಯಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಬಿ.ಎಸ್ಸಿ. ಮುಗಿಸಿದವಳು. ಶಾರ್ಜಾದಲ್ಲಿ ಊರಾಚೆಯ ಮರಳಿನಲ್ಲಿ ಯಾರೋ ಈ ನಾಯಿಯನ್ನು ರಸ್ತೆಯ ತಡೆಕಂಬಿಗೆ ಕಟ್ಟಿ ಹೋಗಿದ್ದರಂತೆ. ಅನಾಥ ನಾಯಿಗಳ ಆಶ್ರಮದಿಂದ ಕೆಹಕಶಾನ್ ಅದನ್ನು ಮನೆಗೆ ತಂದು ಎರಡು ವರ್ಷ ಸಾಕಿದಳು. ಆಮೇಲೆ ಆಫ್ತಾಬನ ಕಂಪನಿ ಮುಚ್ಚಿತು. ಊರಿಗೆ ಮರಳುವವರು ಸಾಕಿದ ನಾಯಿಯನ್ನು ಜೊತೆಗೆ ತರಬಹುದೆಂದು ಕಾಗದಪತ್ರ ಮಾಡಿಸಿ ತಂದೇಬಿಟ್ಟರು. ರಾಮನಗರದ ಬಾಡಿಗೆ ಮನೆಯ ಮಾಲೀಕ ಮಾತ್ರ ನಾಯಿ ಬೇಡವೆಂದ. ಸೌಮ್ಯ ಫೋನಿನಲ್ಲಿ, "ಇಲ್ಲಿಗೆ ಕಳಿಸು," ಎಂದಿದ್ದಳು.

ಕೆಹಕಶಾನ್ ಮೊದಲೇ ಕಳಿಸಿದ್ದ ಕಾಗದಗಳ ಕಡತವನ್ನು ಅವಳು ಎರಡು ಸಲ ಓದಿದ್ದಳು. ಹೆಸರು ಮಿಷ್ಕಾ, ಗಂಡು. ಕತ್ತಿನ ಚರ್ಮದಡಿ ಗುರುತಿನ ಮೈಕ್ರೋಚಿಪ್, ಲಸಿಕೆಗಳು, ರಕ್ತಪರೀಕ್ಷೆ. ಮಾಲೀಕರ ಜಾಗದಲ್ಲಿ ಮೂರು ಹೆಸರು, ಮೂರಕ್ಕೂ ಅಡ್ಡಗೆರೆ.

ನಾಯಿ ಹೊರಗೆ ಬಂದು ಅರ್ಧ ಬಕೆಟ್ ನೀರು ಕುಡಿದು ಮುಖ ಎತ್ತಿತು. ರಂಗೋಲಿ ಬಟ್ಟಲು ಹಿಡಿದು ಬಂದ ಅತ್ತಿಗೆ ಧನಲಕ್ಷ್ಮಿ ಅದರ ಕಣ್ಣು ಕಂಡವಳೇ ಹೊಸಿಲ ಮೇಲೆ ನಿಂತಳು. ತಿಳಿನೀಲಿ ಕಣ್ಣು, ನಡುವೆ ಕಪ್ಪು ಚುಕ್ಕೆ. ಅವಳು ಸೆರಗು ಹೊದ್ದು, ಬಾಗಿಲು ಮುಂದಕ್ಕೆ ಎಳೆದುಕೊಂಡು ಒಳಗೆ ಹೋದಳು. ರಂಗೋಲಿ ಅವತ್ತು ಬೀಳಲಿಲ್ಲ.

ವ್ಯಾನು ತಿರುವು ದಾಟಿದ ಮೇಲೆ ನಾಯಿ ಬೊಗಳಲಿಲ್ಲ. ಕತ್ತೆತ್ತಿ ಊಳಿಟ್ಟಿತು, ನೀಳವಾಗಿ, ಇಡೀ ಕೇರಿಗೆ ಕೇಳುವಂತೆ. ಎದುರು ಮನೆಯ ಮುನಿರಾಮಯ್ಯ ಕೋಲೂರಿಕೊಂಡು ಬಂದ. ಊರಿಗೆಲ್ಲ ತಾಯತ ಕಟ್ಟುವವನು ಅವನೇ.

"ಯಾರ ಮನೆಗಮ್ಮಿ ಕರೆಯೋಲೆ?" ಎಂದು ಕೇಳಿದ.

"ನಿಮಗಲ್ಲ ತಾತ. ನಿಮ್ಮದು ಬರೋದಾದ್ರೆ ನಾಯಿ ಕೈಲಿ ಕಳಿಸಲ್ಲ," ಎಂದಳು ಸೌಮ್ಯ.

ಮುದುಕ ನಗಲಿಲ್ಲ.

ಮಧ್ಯಾಹ್ನ ಅನಂತರಾಜು ಊಟದೆಲೆಯ ಮುಂದೆ ಕೂತೇ ಮಾತು ತೆಗೆದ. ಕುದೂರಿನಿಂದ ನಾಲ್ಕು ಕಿಲೋಮೀಟರು ಆಚೆಗಿದ್ದ ಆ ಊರಲ್ಲಿ ರೇಷ್ಮೆ ಸಾಕುವ ಅವರ ಹುಳದ ಮನೆಯೇ ಎಲ್ಲಕ್ಕಿಂತ ಹಳೆಯದು. ಅಪ್ಪ ಕಟ್ಟಿಸಿದ್ದು, ಅಣ್ಣ ತಂಗಿ ಇಬ್ಬರಿಗೂ ಸಮಪಾಲು. ಹಿಪ್ಪುನೇರಳೆ ತೋಟವೂ ಕೂಲಿಯಾಳುಗಳೂ ಅನಂತರಾಜುವಿನ ಪಾಲಿನ ಕೆಲಸ. ಶಾಖ, ತೇವ, ಶುದ್ಧಿ, ಹೊತ್ತುಹೊತ್ತಿಗೆ ಸೊಪ್ಪು ಹಾಕುವುದು ಸೌಮ್ಯಳದು. ಬೆಳಗಿನ ಸೊಪ್ಪು ಹಾಕಿ, ಮಾಗಡಿಯ ಕಾಲೇಜಿಗೆ ಹೋಗಿ ಜೀವಶಾಸ್ತ್ರ ಪಾಠ ಹೇಳಿ, ಸಂಜೆಯ ಸೊಪ್ಪಿಗೆ ಸರಿಯಾಗಿ ಬಂದುಬಿಡುತ್ತಿದ್ದಳು. ಹದಿಮೂರು ವರ್ಷದಲ್ಲಿ ಕೆಟ್ಟಿದ್ದು ಎರಡೇ ಬೆಳೆ. ಇದನ್ನು ಅಣ್ಣ ಒಂದು ದಿನವೂ ಬಾಯಿ ಬಿಟ್ಟು ಹೇಳಿರಲಿಲ್ಲ.

"ಶುಕ್ರವಾರ ಮರಿಹುಳ ಬತ್ತದೆ," ಎಂದ. "ನಿನ್ನ ನಾಯಿ ದೆಸೆಯಿಂದ ಈ ಬೆಳೆಗೆ ಏನಾದ್ರೂ ಆಯ್ತೋ, ಅದು ಈ ಊರಲ್ಲಿ ಇರಕೂಡ್ದು. ಒಪ್ಕೋ."

"ನಾಯಿ ದೆಸೆಯಿಂದ್ಲೇ ಅಂತ ಗೊತ್ತಾಗೋದು ಹೆಂಗೆ?"

"ಬುಕ್ಕಲ್ಲಿ ಬರೀತಾನೇ ಇರ್ತೀಯಲ್ಲ. ಅದ್ರಲ್ಲೇ ನೋಡ್ಕೋ."

"ಒಪ್ಪಿದೆ," ಎಂದಳು.

ಕಾಲೇಜಿಗೆ ಬೇಸಿಗೆ ರಜೆ. ದಿನವೂ ಬೆಳಿಗ್ಗೆ ನಾಯಿಯನ್ನು ಬಾಚಿದರೆ ಎರಡು ಹಿಡಿ ತುಪ್ಪಳ ಬರುತ್ತಿತ್ತು. ಹುಳದ ಮನೆಯಿಂದ ದೂರ, ಗಾಳಿ ಬೀಸುವ ದಿಕ್ಕು ನೋಡಿ, ಬಾಚಿ ಗುಂಡಿಯಲ್ಲಿ ಮುಚ್ಚುತ್ತಿದ್ದಳು. ಆಮೇಲೆ ಸ್ನಾನ, ಬೇರೆ ಬಟ್ಟೆ, ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು ಒಳಗೆ. ಅಷ್ಟು ಮಾಡಿಯೂ ಅಣ್ಣ ಅವಳ ಸೀರೆಯ ಅಂಚು ಹಿಡಿದು ಒಂದು ಬಿಳಿ ಕೂದಲು ಹುಡುಕಿ ತೋರಿಸಿದ್ದುಂಟು. ಅದು ಅವಳದೇ ತಲೆಯದಾಗಿತ್ತು.

ಬಿಸಿಲು ಆ ವರ್ಷ ಹಟ ಹಿಡಿದಿತ್ತು. ಹೊಂಗೆ ಮರದ ನೆರಳಲ್ಲೂ ಮಧ್ಯಾಹ್ನ ಮೂವತ್ತಾರು, ಮೂವತ್ತೇಳು ಡಿಗ್ರಿ. ನಾಯಿ ನಾಲಗೆ ನೇತುಹಾಕಿ ಏದುಸಿರು ಬಿಡುತ್ತ, ಊಟ ಅರ್ಧಕ್ಕೆ ಬಿಡುತ್ತ, ನಾಲ್ಕೇ ದಿನದಲ್ಲಿ ತಂಪಾದ ಜಾಗವನ್ನು ತಾನೇ ಪತ್ತೆಮಾಡಿತು. ಹುಳದ ಮನೆಗೆ ಅಂಟಿಕೊಂಡ ಸೊಪ್ಪಿನ ಕೋಣೆ ಅದು. ಕಲ್ಲಿನ ಗೋಡೆ, ನೆಲ ಎರಡಡಿ ತಗ್ಗು, ಕಿಟಕಿಗೆ ಸದಾ ಒದ್ದೆ ಗೋಣಿತಾಟು. ಕಡಿದು ತಂದ ಸೊಪ್ಪಿನ ಕಡ್ಡಿಯ ಕಟ್ಟುಗಳನ್ನು ಬಾಡದಂತೆ ಅಲ್ಲಿ ನಿಲ್ಲಿಸುತ್ತಿದ್ದರು. ನಾಯಿ ಅದರ ಹೊರಬಾಗಿಲಿಗೆ ಬೆನ್ನು ಒತ್ತಿ, ಬಾಗಿಲ ಸಂದಿಯ ತಣ್ಣನೆ ಗಾಳಿಗೆ ಮೂಗಿಟ್ಟು ಮಲಗುತ್ತಿತ್ತು.

ಒಂದು ದಿನ ಅನಂತರಾಜು ಹಿಪ್ಪುನೇರಳೆ ಕಡ್ಡಿಯಿಂದ ಬಾರಿಸಿದ. ನಾಯಿ ಗುರುಗುಟ್ಟಲೂ ಇಲ್ಲ, ಎದ್ದು ಬಾಗಿಲ ಇನ್ನೊಂದು ಪಕ್ಕಕ್ಕೆ ಹೋಗಿ ಮಲಗಿತು. ಅವನು ಅಲ್ಲಿಗೂ ಹೋಗಿ ಬಾರಿಸಿದ.

"ಇನ್ನೊಂದ್ಸಲ ಕಡ್ಡಿ ಎತ್ತಿದ್ರೆ ನಾನು ಹುಳಕ್ಕೆ ಸೊಪ್ಪು ಹಾಕಲ್ಲ ಅಣ್ಣಯ್ಯ," ಎಂದಳು ಸೌಮ್ಯ.

"ಹಾಕ್ಬೇಡ. ನೀನೂ ಹೋದ ಕಡೆ ನಿಲ್ನಿಲ್ಲ, ಅದೂ ನಿಲ್ನಿಲ್ಲ. ವಾಪಸ್ ಬಂದವಕ್ಕೆಲ್ಲ ನಮ್ಮನೇನೇ ಸಿಕ್ಕಿದ್ದು."

ಸೌಮ್ಯ ಒಳಗೆ ಹೋದಳು. ನೋಟ್‌ಬುಕ್ಕಿನಲ್ಲಿ ಶಾಖ ತೇವದ ಕೆಳಗೆ, 'ಎರಡು ಏಟು, ಎಡ ತೊಡೆ' ಎಂದು ಬರೆದಳು.

ಹಾಲಿನ ಡೈರಿಯಲ್ಲಿ ಮಾತು ಬೇರೆ ದಾರಿ ಹಿಡಿದಿತ್ತು. ನಾಯಿಗೆ ಬಿಳಿಗಣ್ಣ ಎಂದು ಹೆಸರಾಯಿತು. ನೀಲಿಗಣ್ಣಿನ ದೃಷ್ಟಿ ಬಿದ್ದ ಹುಳ ಸೊಪ್ಪು ತಿಂದರೂ ಗೂಡು ಕಟ್ಟುವುದಿಲ್ಲ ಎಂದು ಮುನಿರಾಮಯ್ಯ ಹೇಳಿದನಂತೆ. ನೀಲಿಗಣ್ಣಿನ ನಾಯಿಯನ್ನು ಅವನು ಹುಟ್ಟಿದ ಮೇಲೆ ಕಂಡದ್ದು ಇದೇ ಮೊದಲು. ಆದರೂ ಹೇಳಿದ, ಆದರೂ ಜನ ಕೇಳಿದರು. ಧನಲಕ್ಷ್ಮಿಯೂ ಕೇಳಿಕೊಂಡು ಹಾಲಿನ ಕ್ಯಾನು ಹೊತ್ತು ಮನೆಗೆ ಬಂದಳು.

ಏಪ್ರಿಲ್ ಇಪ್ಪತ್ತೈದು, ಗುರುವಾರ. ಹುಳ ನಾಲ್ಕನೇ ಜ್ವರದಿಂದ ಎದ್ದು, ಎಂದರೆ ಕೊನೆಯ ಸಲ ಪೊರೆ ಕಳಚಿ, ಮೂರನೇ ದಿನ. ಇನ್ನು ನಾಲ್ಕು ದಿನ ತಿಂದರೆ ಹಣ್ಣಾಗಿ ಗೂಡು ಕಟ್ಟಬೇಕು. ಬೆಳಿಗ್ಗೆ ಆರಕ್ಕೆ ಒಳಗೆ ಹೋದಾಗ ಮಳೆ ಹನಿದಂತೆ ಕೇಳಬೇಕಾದ ತಿನ್ನುವ ಸದ್ದು ಒಂದು ಪಕ್ಕದಿಂದ ಮಾತ್ರ ಕೇಳಿತು. ಎಡಗಡೆಯ ಸ್ಟ್ಯಾಂಡಿನ ಆರು ಅಂತಸ್ತಿನಲ್ಲೂ ಹುಳಗಳು ತಲೆಯೆತ್ತಿ, ಎದೆಭಾಗ ಉಬ್ಬಿಸಿ ತೂಗಾಡುತ್ತಿದ್ದವು. ಕೆಲವು ಕಂದು ರಸ ಕಕ್ಕಿ ಮಗ್ಗುಲಾಗಿದ್ದವು. ಬಲಗಡೆಯ ಸ್ಟ್ಯಾಂಡಿನ ಹುಳಕ್ಕೆ ಏನೂ ಆಗಿರಲಿಲ್ಲ.

ಅವಳ ಹಿಂದೆಯೇ ಬಂದ ಅನಂತರಾಜು ನೋಡಿದ. ಕೂಗಾಡಲಿಲ್ಲ. ಹೊರಗೆ ಹೋಗಿ ಗೂಡ್ಸ್ ಆಟೋದ ದೀಪುಗೆ ಫೋನ್ ಮಾಡಿದ. "ಹತ್ತು ಗಂಟೆಗೆ ಬಾರ್ಲಾ. ಒಂದು ನಾಯಿ ಐತೆ, ಸಾವನದುರ್ಗದ ಕಾಡಿಗೆ ಬುಟ್ಬುಟ್ಟು ಬಾ."

"ಹತ್ತು ಗಂಟೇವರೆಗೂ ನನಗೆ ಟೈಮ್ ಐತೆ," ಎಂದಳು ಸೌಮ್ಯ.

"ಅಷ್ಟೊಂದು ಯಾಕೆ? ಮುಖ ತೊಳ್ದು ಬೊಟ್ಟಿಟ್ಟು ಕಳಿಸೋಕಾ?"

ಅವಳು ಕೈತೊಳೆದು ಕೆಲಸಕ್ಕೆ ಕೂತಳು. ಹುಳದ ಮೈಯ ಗೆಣ್ಣು ಉಬ್ಬಿಲ್ಲ, ಹಾಲಿನಂಥ ರಸ ಸುರಿಯುತ್ತಿಲ್ಲ. ರೋಗವಾಗಿದ್ದರೆ ಅಲ್ಲೊಂದು ಇಲ್ಲೊಂದು ಶುರುವಾಗುತ್ತಿತ್ತೇ ಹೊರತು ಒಂದೇ ರಾತ್ರಿಗೆ ಒಂದಿಡೀ ಸ್ಟ್ಯಾಂಡು ಹಿಡಿಯುತ್ತಿರಲಿಲ್ಲ. ಇದು ವಿಷ. ಪಕ್ಕದ ಟೊಮೆಟೊ ಹೊಲದ ಅಶ್ವಥ್‌ಗೆ ಫೋನ್ ಮಾಡಿದಳು. ಔಷಧಿ ಹೊಡೆದು ಹನ್ನೆರಡು ದಿನವಾಯಿತೆಂದ. ಹೊಡೆದಿದ್ದರೂ ಎರಡೂ ಸ್ಟ್ಯಾಂಡಿಗೆ ಒಂದೇ ತೋಟದ ಸೊಪ್ಪು ಅಲ್ಲವೆ. ಹಾಗಾದರೆ ತೋಟದಿಂದ ಬಾಯಿಗೆ ಬರುವ ನಡುವೆ ಏನೋ ಆಗಿದೆ. ನೋಟ್‌ಬುಕ್ಕು ತಿರುವಿದಳು. ನಿನ್ನೆ ಸಂಜೆ: 'ಎಡಕ್ಕೆ ಕಿಟಕಿ ಪಕ್ಕದ ಕಟ್ಟುಗಳು, ಬಲಕ್ಕೆ ಗೋಡೆ ಪಕ್ಕದವು.'

ಸೊಪ್ಪಿನ ಕೋಣೆಯ ಕಿಟಕಿಯ ಬಳಿ ಉಳಿದಿದ್ದ ಕಟ್ಟುಗಳನ್ನು ಒಂದೊಂದಾಗಿ ಎತ್ತಿದಳು. ಮೇಲಿನ ಎಲೆಗಳ ಮೇಲೆ ಚಹದ ಬಣ್ಣದ ಕಲೆ. ಕೆಳಗೆ ನೆಲದಲ್ಲಿಯೂ ಅದೇ. ಕಿಟಕಿಯ ಗೋಣಿತಾಟನ್ನು ಸರಿಸಿದರೆ, ಅದರ ಹಿಂದೆ, ಬಿದಿರಿಗೆ ಕಟ್ಟಿದ ಕೆಂಪು ಬಟ್ಟೆಯ ಗಂಟು ನೆನೆದು ತೊಟ್ಟಿಕ್ಕುತ್ತಿತ್ತು. ಬಿಚ್ಚಿದಳು. ಏಳು ಒಣಮೆಣಸಿನಕಾಯಿ, ಪಟಿಕದ ಚೂರು, ಒಂದು ಚಿಟಿಕೆ ಬಿಳಿ ತುಪ್ಪಳ. ಅದಿಷ್ಟನ್ನೂ ಸುತ್ತಿದ್ದು ಕಪ್ಪಗೆ ಊದಿದ ಹೊಗೆಸೊಪ್ಪಿನ ಎಲೆಗಳು, ಒಂದರ ಮೇಲೊಂದು. ಮೂಸಿ ನೋಡುವ ಅಗತ್ಯವಿರಲಿಲ್ಲ. ಹೊಗೆಸೊಪ್ಪು ಹಾಕಿದ ಬಾಯಿಯವರನ್ನು ಅಪ್ಪ ಹುಳದ ಮನೆಯ ಹೊಸಿಲು ತುಳಿಯಲು ಬಿಡುತ್ತಿರಲಿಲ್ಲ. ಅದರ ಸಾರ ನೀರಿನಲ್ಲಿ ಕರಗುತ್ತದೆಂದು ತರಗತಿಯಲ್ಲಿ ವರ್ಷವರ್ಷವೂ ಹೇಳುವವಳು ಅವಳೇ. ಎರಡು ಹೊತ್ತು ಗೋಣಿತಾಟಿಗೆ ನೀರು ಸುರಿದವಳೂ ಅವಳೇ.

ಒಂಬತ್ತೂ ಇಪ್ಪತ್ತಕ್ಕೆ ಗಂಟನ್ನು ಮೊರದಲ್ಲಿಟ್ಟುಕೊಂಡು ಅಂಗಳಕ್ಕೆ ಬಂದಳು. ದೀಪು ಆಗಲೇ ಆಟೋ ತಂದು ನಿಲ್ಲಿಸಿ ನಾಯಿಯಿಂದ ದೂರ ನಿಂತಿದ್ದ. ಮುನಿರಾಮಯ್ಯನೂ ನೋಡಲು ಬಂದು ಕಲ್ಲಿನ ಮೇಲೆ ಕೂತಿದ್ದ.

"ಇದನ್ನ ಸೊಪ್ಪಿನ ಮೇಲೆ ಕಟ್ಟಿದ್ದು ಯಾರು?" ಎಂದು ಕೇಳಿದಳು.

ಅನಂತರಾಜು ಮೊರ ನೋಡಿ, ಆಮೇಲೆ ಹೆಂಡತಿಯನ್ನು ನೋಡಿದ. ಅವನಿಗೆ ಗೊತ್ತಿರಲಿಲ್ಲವೆಂಬುದು ಸೌಮ್ಯಳಿಗೆ ಆಗ ತಿಳಿಯಿತು.

"ನಾನೇ, ನಿನ್ನೆ ಮಧ್ಯಾಹ್ನ," ಎಂದಳು ಧನಲಕ್ಷ್ಮಿ. "ದೃಷ್ಟಿಗೆ. ತಾತ ಮಂತ್ರಿಸಿ ಕೊಟ್ಟಿದ್ದು."

"ನಾನು ಬಾಗಿಲಿಗೆ ಕಟ್ಟು ಅಂದಿದ್ದೆ," ಎಂದ ಮುನಿರಾಮಯ್ಯ. "ಕಿಟಕಿಗೆ ಅಂದಿರ್ನಿಲ್ಲ."

"ಬಾಗಿಲಿಗೆ ಕಟ್ಟಿದ್ರೆ ಇವಳು ಕಂಡ್ಬುಡ್ತಿದ್ಲಲ್ಲ. ಕಂಡ್ರೆ ಕಿತ್ತಾಕ್ತಿದ್ಲು."

"ಹೊಗೆಸೊಪ್ಪು ಹುಳಕ್ಕೆ ಆಗಲ್ಲ ಅಂತ ನಿಮಗೆ ಗೊತ್ತಿಲ್ವ ಅತ್ತಿಗೆ?"

"ಹುಳಕ್ಕೆ ಎಲ್ಲಿ ಹಾಕ್ದೆ ನಾನು? ಮಂತ್ರಿಸಿದ್ದು ಅಂತ ಬಿಚ್ಚಿ ಕೂಡ ನೋಡ್ನಿಲ್ಲ."

ನಾಯಿ ಬಾಗಿಲ ಸಂದಿಗೆ ಮೂಗಿಟ್ಟು ಮಲಗಿಯೇ ಇತ್ತು.

"ಸರಿ," ಎಂದ ಅನಂತರಾಜು. "ನಾಯಿ ಬರದಿದ್ರೆ ಇವಳು ಗಂಟು ಯಾಕೆ ಕಟ್ತಿದ್ಲು? ನಾಯಿ ದೆಸೆಯಿಂದ ಅಂತ ತಾನೇ ನೀನು ಒಪ್ಪಿದ್ದು?"

ಇದೇ ಉತ್ತರವನ್ನು ವಿದ್ಯಾರ್ಥಿಯೊಬ್ಬ ಬರೆದಿದ್ದರೆ ಸೌಮ್ಯ ಪೂರ್ತಿ ಅಂಕ ಕೊಡುತ್ತಿದ್ದಳು.

"ಮೊದಲು ಹುಳ ನೋಡೋಣ," ಎಂದಳು. "ಈ ವಿಷಕ್ಕೆ ಎಲ್ಲಾ ಸಾಯಲ್ಲ. ಹೊಸ ಸೊಪ್ಪು, ಗಾಳಿ ಕೊಟ್ರೆ ಒಸಿ ಹೊತ್ತಿಗೆ ಏಳ್ತವೆ."

ಎದ್ದವು. ಎಡಗಡೆಯ ಸೊಪ್ಪನ್ನೆಲ್ಲ ಹೊರಗೆ ಹಾಕಿ, ಕಿಟಕಿ ತೆರೆದು, ಹೊಸದಾಗಿ ಕಡಿದು ತಂದ ಸೊಪ್ಪು ಹರಡಿದರು. ಮೂವರೂ ಒಂದೂವರೆವರೆಗೆ ಕೆಲಸ ಮಾಡಿದರು. ಮಾತೆಂದರೆ 'ಸರಿ', 'ಹಿಡಿ', 'ಅಲ್ಲಲ್ಲ' ಇಷ್ಟೇ. ನಾಲ್ಕು ಅಂತಸ್ತಿನಲ್ಲಿ ತಿನ್ನುವ ಸದ್ದು ಮತ್ತೆ ಶುರುವಾಯಿತು. ಎರಡು ಅಂತಸ್ತಿನ ಹುಳ ಬುಟ್ಟಿಯಲ್ಲಿ ತುಂಬಿ ಗುಂಡಿಗೆ ಹೋದವು, ಮೇಲೆ ಸುಣ್ಣ.

ಅಂಗಳದಲ್ಲಿ ದೀಪು ಇನ್ನೂ ಕಾಯುತ್ತಿದ್ದ. "ಅಣ್ಣೋ, ನಾಯಿ ಹತ್ತಿಸ್ತೀರೋ ಇಲ್ವೋ? ಹತ್ತಿಸೋದಾದ್ರೆ ನೀವೇ ಹತ್ಸಿ, ನಾನ್ ಮುಟ್ಟಲ್ಲ."

ಅನಂತರಾಜು ಹಗ್ಗ ತರಲು ಹೊರಟ. ಸೌಮ್ಯ ಅಡ್ಡ ನಿಂತಳು.

"ಎರಡು ಅಂತಸ್ತು ಹೋದವು. ನಾನು ಒಪ್ಪಿದ ಮಾತು ಮಾತೇ. ಅದಕ್ಕೆ ಬೇರೆ ಮಾತು ಕೊಡ್ತೀನಿ, ಕೇಳು. ಈ ಬೆಳೆ ನಿಂದು. ಮುಂದಿನವೂ ನಿಂದೇ. ಹುಳದ ಮನೇಲಿ ನನ್ನ ಪಾಲು ಪೂರಾ ತಗೋ. ಸೊಪ್ಪಿನ ಕೋಣೆ ಒಂದು ನನಗೆ ಬುಡು."

"ಸೊಪ್ಪು ಎಲ್ಲಿ ಇಕ್ಕಲಿ?"

"ನಿನ್ನ ನಡುಮನೇಲಿ."

ಅವನು ಲೆಕ್ಕ ಹಾಕುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಹದಿಮೂರು ವರ್ಷದಿಂದ ಕೇಳಬೇಕೆಂದಿದ್ದು ತಾನಾಗಿ ಬಂದಿತ್ತು. ನಾಯಿ ಉಳಿಯುವುದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

"ಇವರೆಲ್ಲರ ಮುಂದೆ ಹೇಳು, ಹುಳದ ಮೇಲೆ ನಿನಗೆ ಹಕ್ಕಿಲ್ಲ ಅಂತ."

"ಹಕ್ಕಿಲ್ಲ," ಎಂದಳು ಸೌಮ್ಯ.

"ಟೆಂಪರೇಚರ್ ಯಾರು ನೋಡೋದು?" ಎಂದು ಧನಲಕ್ಷ್ಮಿ ಕೇಳಿದಳು. ಅವಳ ದನಿಯಲ್ಲಿ ಹೆದರಿಕೆ ಇತ್ತು.

"ಗಂಟು ಕಟ್ಟಿದವರು ನೋಡ್ಕೋಬಹುದು ಅತ್ತಿಗೆ."

"ಹಂಗಾದ್ರೆ ನಾನ್ ಬಂದಿದ್ದು?" ಎಂದ ದೀಪು.

"ಆ ಕೆಟ್ಟ ಸೊಪ್ಪು ತುಂಬ್ಕೋ," ಎಂದ ಅನಂತರಾಜು, ತಂಗಿಯ ಕಡೆ ನೋಡದೆ. "ಹಸು ಬಾಯಿಗೆ ಬೀಳ್ದಂಗೆ ದೂರ ಒಯ್ದು ಸುರಿ."

ಸೌಮ್ಯ ಸೊಪ್ಪಿನ ಕೋಣೆಯನ್ನು ಮೂರು ಸಲ ತೊಳೆದಳು. ಹುಳದ ಮನೆಯಿಂದ ತನ್ನ ಥರ್ಮಾಮೀಟರ್ ತರಲು ಹೋದಾಗ, "ಅದು ಹುಳದ ಮನೇದು," ಎಂದು ಅಣ್ಣ ಬಾಗಿಲಿಗೆ ಕೈ ಅಡ್ಡ ಇಟ್ಟ. "ನನ್ನ ಸಂಬಳದ್ದು," ಎಂದು ಅವಳು ಆ ಕೈಯ ಕೆಳಗೆ ನುಸುಳಿ ತಂದಳು.

ಹೊರಬಾಗಿಲು ತೆರೆದದ್ದೇ ನಾಯಿ, ಕರೆಯುವ ಮೊದಲೇ, ಎರಡು ಮೆಟ್ಟಿಲಿಳಿದು ಒಳಗೆ ಬಂತು. ಒದ್ದೆ ಕಲ್ಲಿನ ಮೇಲೆ ಹೊಟ್ಟೆಯೂರಿ ನಾಲ್ಕೂ ಕಾಲು ಚಾಚಿ ಮಲಗಿತು. ಅವಳ ಕಡೆ ನೋಡಲಿಲ್ಲ. ಕೋಣೆಗೂ ಹುಳದ ಮನೆಗೂ ನಡುವಿನ ಬಾಗಿಲಿಗೆ ಆಚೆಯಿಂದ ಅಣ್ಣ ಹಲಗೆ ಹೊಡೆಯುತ್ತಿದ್ದ. ಒಂದೊಂದು ಏಟಿಗೂ ನಾಯಿಯ ಕಿವಿ ಅಲುಗುತ್ತಿತ್ತು. ಹದಿನಾಲ್ಕು ಮೊಳೆ ಎಣಿಸಿದಳು. ಆಮೇಲೆ ಸದ್ದು ನಿಂತಿತು. ಏದುಸಿರೂ ನಿಧಾನವಾಗಿ ಇಳಿಯಿತು.

ಗೂಟಕ್ಕೆ ಥರ್ಮಾಮೀಟರ್ ತೂಗುಹಾಕಿ ಕಾಲುಗಂಟೆ ಕಾದಳು. ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತೆಗೆದು ತಾರೀಖು ಬರೆದಳು. ಗಂಟೆ, ಮಧ್ಯಾಹ್ನ ನಾಲ್ಕೂ ಹತ್ತು. ಹೊರಗೆ ಮೂವತ್ತೇಳು ಡಿಗ್ರಿ. ಒಳಗೆ ಇಪ್ಪತ್ತಾರೂವರೆ.