ಮಾದಪ್ಪ ಎಂಬ ಕಮ್ಯಾಂಡು

ಬಂಗಾಳದ ರಾಜಧಾನಿಯ ಎಸ್ಪ್ಲನೇಡ್ ಬಳಿಯ ಸಾಫ್ಟ್‌ವೇರ್ ಕಚೇರಿಯಲ್ಲಿ ಪ್ರಫುಲ್ಲಾ ಬೆಳಗ್ಗೆಯಿಂದ ಒಂದೇ ತಪ್ಪನ್ನು ತಿದ್ದುತ್ತಿದ್ದಳು. ಅದು ಮಾತ್ರ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಸರಕು ಸಾಗಣೆಯ ದರ ಲೆಕ್ಕ ಹಾಕುವ ಸಾಲನ್ನು ಹುಡುಕಲು ಗ್ರೆಪ್ ಕಮ್ಯಾಂಡನ್ನು ಇಡೀ ಕೋಡಿನ ಮೇಲೆ ಬಿಡುವಳು. ಅದು ಮುಗಿಯುವಷ್ಟರಲ್ಲಿ ಮಣ್ಣಿನ ಭಾಂಡ್‌ನಲ್ಲಿದ್ದ ಚಹಾ ಆರಿಹೋಗಿರುತ್ತಿತ್ತು.

ಪಕ್ಕದ ಮೇಜಿನ ಹಿರಿಯರು, ಮೈಸೂರು ಕಡೆಯ ಮಾದಪ್ಪ, ಎದ್ದು ಬಂದು ಪರದೆ ನೋಡಿ ಗದರಿದರು:

"ಅಲ್ಲಮ್ಮಾ, ಬೆಹಾಲಾದಲ್ಲಿರೋ ಮನೆ ಹುಡುಕೋಕೆ ನದಿಯಾಚೆಯ ಹೌರಾದಿಂದ ಒಂದೊಂದೇ ಬಾಗಿಲು ತಟ್ಕೊಂಡು ಬರ್ತಾರಾ? ಅದೂ ಅಲ್ದೆ, ನೀನು ತಿದ್ದಿರೋದು ಅಸಲಿ ಫೈಲಲ್ಲ. ಕೋಡಿನ ಬದಲಾವಣೆ ದಾಖಲಿಸೋ ಸಬ್‌ವರ್ಷನ್ ತನಗೆ ಅಂತ ಬಚ್ಚಿಟ್ಕೊಂಡಿರೋ ನಕಲು!"

ಬಚ್ಚಿಟ್ಟ ಆ ಫೋಲ್ಡರುಗಳನ್ನೆಲ್ಲ ಬಿಟ್ಟು, ಸಿ ಭಾಷೆಯ ಫೈಲುಗಳಲ್ಲಿ ಮಾತ್ರ ಹುಡುಕುವ ಉದ್ದನೆಯ ಕಮ್ಯಾಂಡೊಂದನ್ನು ಅವರೇ ಟೈಪ್ ಮಾಡಿದರು. ಪ್ರಫುಲ್ಲಾ ಹೊಸ ಭಾಂಡನ್ನು ತುಟಿಗೆ ತರುವ ಮೊದಲೇ ಉತ್ತರ ಬಂತು. ಅಸಲಿ ಫೈಲನ್ನು ತಿದ್ದಿದಳು, ದರ ಸರಿಹೋಯಿತು. ಅಂದು ಮೊದಲ ಬಾರಿಗೆ ಬಿಸಿ ಚಹಾ ಗಂಟಲಿಗಿಳಿಯಿತು.

ಆ ಉದ್ದ ಕಮ್ಯಾಂಡಿಗೆ ಅವಳು ಒಂದು ಚಿಕ್ಕ ಹೆಸರಿಟ್ಟು ಎಲ್ಲರಿಗೂ ಸಿಗುವಂತೆ ಸರ್ವರಿನಲ್ಲಿ ಹಾಕಿದಳು: ಮಾದಪ್ಪ.

ಮಾದಪ್ಪನವರು ನಿವೃತ್ತರಾಗಿ ಊರಿಗೆ ಹೋದರು. ಕಚೇರಿಯ ಬಂಗಾಳಿಗಳು ಮಾತ್ರ ಇಂದಿಗೂ ಕೋಡಿನಲ್ಲಿ ಏನು ಸಿಗದಿದ್ದರೂ "ಮಾದಪ್ಪ ಕೊರೇಛೋ?" ಅನ್ನುತ್ತಾರೆ, ಮಾದಪ್ಪ ಮಾಡಿದೆಯಾ ಎಂದು.

ಹೊಸದಾಗಿ ಸೇರಿದ, ಇಲ್ಲೇ ಬೆಳೆದ ಪೂರ್ವಿ ಒಂದು ದಿನ ಕೇಳಿದಳು: "ಮಾದಪ್ಪ ಫುಲ್ ಫಾರ್ಮ್ ಏನು ದೀದಿ?"

"ಫುಲ್ ಫಾರ್ಮ್ ಏನಿಲ್ಲಮ್ಮಾ," ಅಂದಳು ಪ್ರಫುಲ್ಲಾ, ಹಬೆಯಾಡುವ ಭಾಂಡನ್ನು ಅವಳ ಕಡೆ ಸರಿಸುತ್ತಾ. "ನಮ್ಮ ಟೀ ಆರೋಕೆ ಬಿಡದೇ ಇರೋರು."