ಸಾವ್ಕಾರನನ್ನು ನಡೆಸಿದ್ದು

ಹನುಮಂತಯ್ಯನವರಿಗೆ ಮನೆಯಲ್ಲಿ ಕೆಲಸವಿರಲಿಲ್ಲ, ಅಭಿಪ್ರಾಯಗಳಿಗೆ ಮಾತ್ರ ಬರವಿರಲಿಲ್ಲ. ಮಲ್ಲತ್ತಹಳ್ಳಿಯ ಅವರ ರಾಗಿ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ಎತ್ತು ಹೋದವು, ನೇಗಿಲು ಹೋಯಿತು, ಹೇಳುವ ಚಟ ಹೋಗಲಿಲ್ಲ. ನೀರಿನ ಮೋಟರಿನಿಂದ ಹಿಡಿದು ಮಂಡಿ ನೋವಿನವರೆಗೆ ಅವರ ಹತ್ತಿರ ಒಂದು ಮಾತು ಸಿದ್ಧವಿರುತ್ತಿತ್ತು. ಮಗ ಜೀವನ್ "ಆಯ್ತಪ್ಪ" ಎನ್ನುತ್ತಲೇ ಹೆಲ್ಮೆಟ್ ಹಾಕಿಕೊಂಡು ಹೊರಟುಬಿಡುತ್ತಿದ್ದ.

ಹಾಗಾಗಿ ಸೊಸೆ ದಿವ್ಯ ತನ್ನ ಬೆಕ್ಕನ್ನು ನೋಡಿಕೊಳ್ಳಲು ಹೇಳಿದಾಗ ಅವರಿಗೆ ಒಳಗೊಳಗೇ ಹಿಗ್ಗಾಯಿತು. ಕಂದು ಬಣ್ಣದ ಆ ಗಂಡು ಬೆಕ್ಕಿನ ಹೆಸರು ಸಾವ್ಕಾರ. ಹೋದ ವರ್ಷ ಮದುವೆಯಾಗಿ ಹೆಗ್ಗನಹಳ್ಳಿಯಿಂದ ಬಂದಾಗ ಅವಳು ತವರಿನಿಂದ ಎತ್ತಿಕೊಂಡು ಬಂದ ಮರಿ. ಈಚೆಗೆ ಬೀದಿಯೆಲ್ಲ ಕಾದಾಡಿ ಕಿವಿ ಹರಿದುಕೊಂಡು, ಗೋಡೆಗೆಲ್ಲ ಉಚ್ಚೆ ಹಾರಿಸಲು ಶುರು ಮಾಡಿದ್ದಕ್ಕೆ ಹಿಂದಿನ ದಿನವಷ್ಟೇ ಬೀಜ ತೆಗೆಸುವ ಆಪರೇಷನ್ ಮಾಡಿಸಿದ್ದಳು.

"ಮಾವ, ನಂಗೆ ಇವತ್ತು ಸ್ಕೂಲಲ್ಲಿ ರಜಾ ಕೊಡ್ಲಿಲ್ಲ. ಓಡೋದು, ಹಾರೋದು ಏನೂ ಬೇಡ ಅಂದಿದಾರೆ ಡಾಕ್ಟ್ರು. ರೂಮಲ್ಲೇ ಇರ್ಲಿ. ನೀವಿದೀರ ಅನ್ನೋ ಧೈರ್ಯದ ಮೇಲೆ ಹೋಗ್ತಾ ಇದೀನಿ."

"ನೀನು ಹೋಗಮ್ಮ. ಎಷ್ಟು ಹೋರಿಗೆ ಬೀಜ ಒಡ್ಸಿಲ್ಲ ನಾವು! ಇದೊಂದು ಬೆಕ್ಕು ಅಷ್ಟೆ."

ಮಧ್ಯಾಹ್ನ ಊಟ ಮುಗಿಸಿ ನೋಡಿದರೆ ಗಾಯದ ಜಾಗ ಸ್ವಲ್ಪ ಊದಿತ್ತು. ಬೀಜ ಒಡೆಸಿದ ಹೋರಿಯನ್ನು ಮಲಗಲು ಬಿಡಬಾರದು, ಮೆಲ್ಲಗೆ ನಡೆಸುತ್ತಿದ್ದರೆ ಊತ ಇಳಿಯುತ್ತದೆ ಎಂದು ಅಪ್ಪ ಕಲಿಸಿದ್ದು ಹನುಮಂತಯ್ಯನವರಿಗೆ ನೆನಪಿತ್ತು. ಹೊಲದ ಬದುವಿನ ಮೇಲೆ ಹಗ್ಗ ಹಿಡಿದು ಎಷ್ಟೋ ಹೋರಿಗಳನ್ನು ಅವರೇ ನಡೆಸಿದ್ದರು. ಪಾಪ, ಈ ಹುಡುಗ ಡಾಕ್ಟರಿಗೆ ಅದೆಲ್ಲ ಏನು ಗೊತ್ತು ಎಂದುಕೊಂಡು, ಗಾಯ ನೆಕ್ಕದಿರಲೆಂದು ಬೆಕ್ಕಿನ ಕೊರಳಿಗೆ ಹಾಕಿದ್ದ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಅದನ್ನು ತಾರಸಿಗೆ ಎತ್ತಿಕೊಂಡು ಹೋದರು.

ಆದರೆ ಬೆಕ್ಕು ಹೋರಿಯಲ್ಲವಲ್ಲ. ನಡೆ ಎಂದರೆ ಕಾಲು ಚಾಚಿ ಮಲಗಿತು. ಅವರು ಅಡುಗೆಮನೆಯಿಂದ ಒಣಮೀನು ತಂದು ತಾರಸಿಯ ಈ ತುದಿಗೊಂದು ಆ ತುದಿಗೊಂದು ತುಂಡು ಎಸೆದರು. ಆಗ ನೋಡಬೇಕಿತ್ತು ಸಾವ್ಕಾರನ ಗತ್ತು! ಓಡಿದ್ದೇ ಓಡಿದ್ದು, ಕೊನೆಗೆ ನೀರಿನ ಟ್ಯಾಂಕಿನ ಮೇಲಕ್ಕೇ ನೆಗೆದು ಕೂತಿತು. ಹನುಮಂತಯ್ಯ ಎಷ್ಟೋ ದಿನಗಳ ಮೇಲೆ ಮನಸಾರೆ ನಕ್ಕರು.

ದಿವ್ಯ ಬರುವ ಹೊತ್ತಿಗೆ ಆ ನಗು ಇಂಗಿಹೋಗಿತ್ತು. ಊತ ನಿಂಬೆಹಣ್ಣಿನ ಗಾತ್ರಕ್ಕೆ ಬೆಳೆದು ಕಪ್ಪಿಟ್ಟಿತ್ತು. ಹೊದಿಕೆಯ ಮೇಲೆ ರಕ್ತ ಜಿನುಗಿತ್ತು. ಬೆಕ್ಕು ತಲೆ ಎತ್ತಲಿಲ್ಲ. ಅದನ್ನು ರೂಮಿಗೆ ತಂದು ಮಲಗಿಸಿ, ಕೊರಳಿನ ಪಟ್ಟಿಯನ್ನು ಅವರು ಆಗಲೇ ಮತ್ತೆ ಕಟ್ಟಿಬಿಟ್ಟಿದ್ದರು.

"ಏನಾಯ್ತು ಮಾವ?"

"ಗೊತ್ತಿಲ್ಲ ಕಣಮ್ಮ, ಮಲಗೇ ಇತ್ತು." ಅವರು ಯೋಚಿಸುವ ಮುಂಚೆಯೇ ಸುಳ್ಳು ಬಾಯಿಂದ ಹೊರಗೆ ಬಂದಿತ್ತು.

ಆಟೋ ಹಿಡಿದು ಅನ್ನಪೂರ್ಣೇಶ್ವರಿ ನಗರದ ಕ್ಲಿನಿಕ್ಕಿಗೆ ಹೋದರು. ಡಾಕ್ಟರ್ ಅರುಣ್ ಕುಮಾರ್ ಮುಟ್ಟಿ ನೋಡಿ ಮುಖ ಸಣ್ಣದು ಮಾಡಿಕೊಂಡ. "ಒಳಗಡೆ ರಕ್ತ ಸೋರ್ತಾ ಇದೆ ಮೇಡಂ. ನಾನು ಹಾಕಿದ ಗಂಟು ಜಾರಿರ್ಬೇಕು. ಈಗ್ಲೇ ಅನಸ್ತೇಶಿಯಾ ಕೊಟ್ಟು ಮತ್ತೆ ಕಟ್ಬೇಕು."

"ಸರಿಯಾಗಿ ಕಟ್ಟೋಕೆ ಬರಲ್ವಾ ನಿಮಗೆ? ನಾವು ಒಂದು ಹೆಜ್ಜೆ ಇಡೋಕೂ ಬಿಟ್ಟಿಲ್ಲ!" ದಿವ್ಯ ಡಾಕ್ಟರ ಮೇಲೆ ರೇಗಿದಳು.

"ನನ್ನ ಕೈತಪ್ಪೇ ಇರ್ಬಹುದು. ಸಾರಿ ಮೇಡಂ," ಎಂದ ಆ ಹುಡುಗ. ಹನುಮಂತಯ್ಯನವರಿಗೆ ಅಬ್ಬಾ, ಬಚಾವಾದೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಹಿಂದೆಯೇ ನಾಚಿಕೆಯೂ ಆಯಿತು.

ಡಾಕ್ಟರ್ ಸಿರಿಂಜಿಗೆ ಔಷಧಿ ಎಳೆದುಕೊಳ್ಳುತ್ತ ಕೇಳಿದ. "ಮಧ್ಯಾಹ್ನದಿಂದ ಏನೂ ತಿಂದಿಲ್ಲ ತಾನೆ? ಹೊಟ್ಟೆ ತುಂಬಿದ್ರೆ, ವಾಂತಿ ಆಗಿ ಉಸಿರಿಗೆ ಹೋಗುತ್ತೆ. ಆಮೇಲೆ ಉಳಿಸ್ಕೊಳ್ಳೋದು ಕಷ್ಟ."

"ಇಲ್ಲ, ಬೆಳಿಗ್ಗೆ ಒಂಚೂರು ಅಷ್ಟೆ. ಮಾವ ಪಕ್ಕದಲ್ಲೇ ಇದ್ರು."

ಇಷ್ಟು ಹೊತ್ತಿಗೆ ಮೀನು ಅರಗಿರಬಹುದೇನೋ ಎಂದು ಹನುಮಂತಯ್ಯ ಒಂದು ಕ್ಷಣ ಯೋಚಿಸಿದರು. ಸೂಜಿ ಬೆಕ್ಕಿನ ತೊಡೆಯ ಹತ್ತಿರ ಬಂದಿತ್ತು.

"ತಿಂದಿದೆ," ಎಂದರು. "ಒಂದು ಬೊಗಸೆ ಒಣಮೀನು. ನಾನೇ ಹಾಕ್ದೆ. ಊತ ಇಳೀಲಿ ಅಂತ ತಾರಸೀಲಿ ಓಡಾಡ್ಸಿದೆ, ಹೋರಿ ತರ. ನಿಮ್ಮ ಗಂಟು ಸರಿಯಾಗೇ ಇತ್ತು ಸಾರ್."

ಡಾಕ್ಟರ್ ಸೂಜಿ ಕೆಳಗಿಟ್ಟ. "ಒಳ್ಳೇದಾಯ್ತು ಹೇಳಿದ್ದು. ಐಸ್ ಇಟ್ಟು ಒತ್ತಿ ಹಿಡ್ಕೊಂಡಿರೋಣ. ಹೊಟ್ಟೆ ಸ್ವಲ್ಪ ಖಾಲಿ ಆದ್ಮೇಲೆ ಮಾಡ್ತೀನಿ."

ದಿವ್ಯ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. "ಮನೇಲಿ ಕೇಳ್ದಾಗ ಮಲಗೇ ಇತ್ತು ಅಂದ್ರಲ್ಲ ಮಾವ," ಎಂದಳು, ಅಷ್ಟೆ.

ಸಾವ್ಕಾರ ಬದುಕಿತು. ದಿವ್ಯ ಸ್ಕೂಲಿಗೆ ರಜೆ ಹಾಕಿ ತಾನೇ ಅದರ ಪಕ್ಕ ಕೂತಳು. ಮಾವನಿಗೆ ಹೊತ್ತುಹೊತ್ತಿಗೆ ಕಾಫಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಅವರೂ ಆ ರೂಮಿನ ಕಡೆ ಸುಳಿಯಲಿಲ್ಲ. ಇನ್ನು ಈ ಮನೆಯಲ್ಲಿ ಯಾರೂ ತಮಗೆ ಏನನ್ನೂ ಒಪ್ಪಿಸುವುದಿಲ್ಲ, ಒಪ್ಪಿಸಲೂ ಬಾರದು ಎಂದು ಅವರು ಒಪ್ಪಿಕೊಂಡುಬಿಟ್ಟಿದ್ದರು.

ಒಂದು ಬೆಳಿಗ್ಗೆ ಒಳಗೆ ಒಂದೇ ಸಮನೆ ಗುರ್ರ್ ಸದ್ದು. ಮಾತ್ರೆ ನುಂಗಿಸಲು ಹೋಗಿ ದಿವ್ಯಳ ಕೈಯೆಲ್ಲ ಪರಚು ಗಾಯವಾಗಿತ್ತು. ಅವಳು ಸದ್ದು ಕೇಳಿ ಬಾಗಿಲಾಚೆ ಬಂದು ನಿಂತಿದ್ದ ಮಾವನ ಕಡೆ ನೋಡಿದಳು.

"ಮಾವ, ಒಂಚೂರು ಹಿಡ್ಕೊಳ್ತೀರಾ?"

ಹನುಮಂತಯ್ಯ ಒಳಗೆ ಬಂದು ನೆಲದ ಮೇಲೆ ಕೂತರು. ಅಭ್ಯಾಸದಂತೆ ಕೈ ಬೆಕ್ಕಿನ ಕುತ್ತಿಗೆಯತ್ತ ಹೋಯಿತು. ಅಲ್ಲೇ ಅದನ್ನು ತಡೆದು ಸೊಸೆಯ ಮುಖ ನೋಡಿದರು.

"ಹೆಂಗೆ ಹಿಡೀಬೇಕು, ತೋರ್ಸಮ್ಮ."