ಡೇರಿ ಕಂಪ್ಯೂಟರಿನೊಳಗಿನ ಓಣಿ

ಕಂಪ್ಯೂಟರು ಕಲಿಸಲು ಬಂದವನು ಪರದೆಯನ್ನು ಮೇಜು ಎಂದಿದ್ದ. ಮೇಜಿನ ಮೇಲೆ ಕಿಟಕಿ ತೆರೆಯುತ್ತದಂತೆ, ಕಸದ ಬುಟ್ಟಿಯೂ ಅಲ್ಲೇ ಇರುತ್ತದಂತೆ. ಕಸದ ಬುಟ್ಟಿಯನ್ನು ಮೇಜಿನ ಮೇಲಿಡುವ ಮನೆಯನ್ನು ದೇವನಹಳ್ಳಿ ಸೀಮೆಯಲ್ಲಿ ಯಾರೂ ಕಂಡಿಲ್ಲ. ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದ ಮುನಿತಾಯಮ್ಮ ಕೋಲೆ ಬಸವನಂತೆ ತಲೆಯಾಡಿಸಿ, ಅವನು ಅತ್ತ ಹೋದಮೇಲೆ ತನ್ನದೇ ದಾರಿ ಹಿಡಿದಳು.

ಏರ್‌ಪೋರ್ಟಿಗಾಗಿ ಊರು ಎತ್ತಿ ಎಲ್ಲರನ್ನೂ ಬಡಾವಣೆಗೆ ತರುವ ಮುಂಚೆ, ನೀರಿನ ಟ್ಯಾಂಕು ಹತ್ತಿ ಯಾರೋ ತೆಗೆದ ಹಳೇ ಊರಿನ ಫೋಟೋ ಒಂದಿತ್ತು. ಅದನ್ನೇ ಪರದೆಗೆ ಹಾಕಿಸಿ, ಹಾಲು ಹಾಕುವ ಒಬ್ಬೊಬ್ಬರ ಫೈಲನ್ನೂ ಅವರವರ ಮನೆಯ ಹೆಂಚಿನ ಮೇಲಿಟ್ಟಳು. ಹೆಸರು ಓದುವ ಗೋಜಿಲ್ಲ. ಬಾವಿಯ ಎಡಕ್ಕೆ ಗಂಗಣ್ಣ, ಹುಣಸೆಮರದ ಬುಡಕ್ಕೆ ಭಾಗ್ಯಮ್ಮ. ವಿಮಾನ ಹಾದು ಮೇಲಿನ ಶೀಟು ನಡುಗುವ ಮಧ್ಯಾಹ್ನಗಳಲ್ಲಿ ಅವಳು ಪರದೆಯ ಆ ಓಣಿಯಲ್ಲಿ ಮನಸ್ಸಿನಲ್ಲೇ ಬರಿಗಾಲಲ್ಲಿ ನಡೆಯುತ್ತಿದ್ದಳು. ಹತ್ತು ವರ್ಷ ಹೀಗೇ ಸಾಗಿತು.

ಒಂದು ಸೋಮವಾರ ಬಂದು ನೋಡಿದರೆ ಫೋಟೋದ ಊರು ಖಾಲಿ. ಹೊಸ ಕಾರ್ಯದರ್ಶಿ ಅರ್ಪಿತ, ಹಾಲು ಹಾಕುವ ಕೊಂಡಪ್ಪನ ಮಗಳು, ಪರದೆ ಗಲೀಜಾಗಿದೆಯೆಂದು ಫೈಲುಗಳನ್ನೆಲ್ಲ ಅಕ್ಷರಕ್ರಮದಲ್ಲಿ ಎಡಕ್ಕೆ ಸಾಲು ನಿಲ್ಲಿಸಿದ್ದಳು. ಹೆಸರು ಒತ್ತಿದರೆ ಸಾಕು, ಫೈಲು ತಾನೇ ಬರುತ್ತದೆ ಎಂದು ಮಾಡಿಯೂ ತೋರಿಸಿದಳು. ಬಂತು, ನಿಜ. ಆದರೆ ಮುನಿತಾಯಮ್ಮ ನೋಡುತ್ತಿದ್ದದ್ದು ಫೋಟೋದ ಬರಿದಾದ ಹೆಂಚುಗಳನ್ನು. ಹಳೇ ಊರಿನ ಜಾಗದಲ್ಲೀಗ ರನ್‌ವೇ. ಯಾರ ಮನೆ ಎಲ್ಲಿತ್ತೆಂದು ಹೇಳುತ್ತಿದ್ದದ್ದು ಈ ಪರದೆಯೊಂದೇ. ತನ್ನ ತಲೆಯಲ್ಲಿ ಅದು ಉಳಿದಿದೆಯೋ ಇಲ್ಲವೋ, ಅವಳಿಗೇ ಗೊತ್ತಿರಲಿಲ್ಲ.

ಬೆಳಗಿನ ಹಾಲು ಮುಗಿದಮೇಲೆ ಕಣ್ಣು ಮುಚ್ಚಿ ಕೂತಳು. ಮಾರಮ್ಮನ ಗುಡಿಯಿಂದ ಹೊರಟಳು. ಸಗಣಿ ಸಾರಿಸಿದ ಅಂಗಳ, ಒಗ್ಗರಣೆಯ ಘಾಟು, ಬಾಗಿಲಲ್ಲಿ ಕಟ್ಟಿದ ಎಮ್ಮೆ. ಎಮ್ಮೆಯ ಗುರುತು ಸಿಕ್ಕಿದರೆ ಮನೆ ಸಿಕ್ಕಿದಂತೆ. ಕಣ್ಣು ಬಿಟ್ಟು ಒಂದು ಫೈಲು ಇಡುವುದು, ಮತ್ತೆ ಮುಚ್ಚುವುದು. ಅರ್ಪಿತ ಹಿಂದೆ ಬಂದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ.

ಸಾಲಿನಲ್ಲಿ ಕೊನೆಗೆ ಉಳಿದದ್ದು ಕೊಂಡಪ್ಪನ ಫೈಲು. ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ಊರು ಎತ್ತಿದಾಗ ಅರ್ಪಿತ ತೊಟ್ಟಿಲ ಕೂಸು. ಹಳೇ ಊರಿನ ಮಾತೆತ್ತಿದರೆ ಕೊಂಡಪ್ಪ ಎದ್ದು ಹೊರಗೆ ಹೋಗಿಬಿಡುತ್ತಿದ್ದ.

"ನಮ್ಮನೆ ಎಲ್ಲಿತ್ತು ಅತ್ತೆ?" ಎಂದಳು ಹುಡುಗಿ. "ಅಪ್ಪ ಹೇಳೋದೇ ಇಲ್ಲ."

ಮುನಿತಾಯಮ್ಮ ಪಕ್ಕಕ್ಕೆ ಸರಿದು ಮೌಸನ್ನು ಅವಳ ಕೈಗೆ ಕೊಟ್ಟಳು. ಆ ಕೈಯ ಮೇಲೆ ತನ್ನ ಕೈಯಿಟ್ಟು, ಕೊಂಡಪ್ಪನ ಫೈಲನ್ನು ಒತ್ತಿ ಹಿಡಿಸಿ, ಗುಡಿ ದಾಟಿಸಿ, ಬಾವಿ ದಾಟಿಸಿ, ನುಗ್ಗೆಮರದ ಪಕ್ಕದ ಮನೆಯ ಮುಂದೆ ನಿಲ್ಲಿಸಿದಳು.

"ಇದೇ ಕಣವ್ವ. ನೀನು ಹುಟ್ಟಿದ್ದೂ ಈ ಮನೇಲೇ. ಇಲ್ಲಿ ಬಿಡು."

ಅರ್ಪಿತ ಬಹಳ ಹೊತ್ತು ಮೌಸಿನಿಂದ ಬೆರಳೆತ್ತಲಿಲ್ಲ.